ಗಾಣದ ಎಡಬಾಯಿ

ಎತ್ತಿನ ಗಾಣಕ್ಕೆ ಎರಡು ಬಾಯಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದೆಲ್ಲ ಇದರಿಂದಲೇ ನಡೆದದ್ದು, ಮತ್ತು ಇಷ್ಟನ್ನು ತಿಳಿದುಕೊಳ್ಳಲು ಒಬ್ಬ ದೊಡ್ಡ ಮನುಷ್ಯರಿಗೆ ಒಂದು ವರ್ಷ ಹಿಡಿಯಿತು. ಮೂರು ಕಬ್ಬಿಣದ ಉರುಳೆಗಳು ಸಾಲಾಗಿ ನೆಟ್ಟಗೆ ನಿಂತಿರುತ್ತವೆ. ನಡುವಿನ ಉರುಳೆಯ ತಲೆಗೆ ಉದ್ದನೆಯ ಮರವೊಂದನ್ನು ಕಟ್ಟಿ, ಅದರ ತುದಿಗೆ ಎತ್ತು ಹೂಡುತ್ತಾರೆ. ಎತ್ತು ಸುತ್ತಿದರೆ ನಡುವಿನ ಉರುಳೆ ಸುತ್ತುತ್ತದೆ, ಅದು ಅಕ್ಕಪಕ್ಕದ ಎರಡನ್ನೂ ಸುತ್ತಿಸುತ್ತದೆ. ಗಾಣದ ಮುಂದೆ ಕೂತವರ ಬಲಗಡೆಯ ಸಂದು ಕಬ್ಬನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಂದಿರುವ ತಗಡು ಅದನ್ನು ಮತ್ತೆ ಮುಂದಕ್ಕೆ ತಿರುಗಿಸುತ್ತದೆ. ಎಡಗಡೆಯ ಸಂದು ಹಿಂಡಿದ ಸಿಪ್ಪೆಯನ್ನು ಹೊರಕ್ಕೆ ಉಗುಳುತ್ತದೆ. ಬಲಗೈಯಲ್ಲಿ ಕಬ್ಬು ಕೊಡಬೇಕು, ಎಡಗೈಯಲ್ಲಿ ಸಿಪ್ಪೆ ಎಳೆಯಬೇಕು. ಬೆಳಗಿನಿಂದ ಸಂಜೆಯವರೆಗೆ ಕೂತವರ ಕೆಲಸ ಇಷ್ಟೇ.

ಎತ್ತು ಎಡಸುತ್ತು ನಡೆದಾಗ ಮಾತ್ರ ಹೀಗೆ. ಅಂದರೆ ಗಾಣವನ್ನು ತಮ್ಮ ಎಡಕ್ಕಿಟ್ಟುಕೊಂಡು ನಡೆದಾಗ. ಅವನ್ನು ತಿರುಗಿಸಿ ಬಲಸುತ್ತು ಹೊಡೆದರೆ ಉರುಳೆಗಳೂ ತಿರುಗಿಕೊಳ್ಳುತ್ತವೆ. ಉಗುಳುತ್ತಿದ್ದ ಎಡಬಾಯಿ ನುಂಗಲು ಶುರುಮಾಡುತ್ತದೆ. ಇದರಲ್ಲಿ ವಿದ್ಯೆ ಏನೂ ಇಲ್ಲ, ಗಾಣದ ಮುಂದೆ ಅರ್ಧ ಗಳಿಗೆ ಕೂತು ಕಣ್ಣುಬಿಟ್ಟು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕೂರಬೇಕಲ್ಲ.

ಯುದ್ಧದ ಕಾಲ. ಮಂಡ್ಯದ ರೈಲ್ವೆ ಸ್ಟೇಷನ್ನಿನ ಹಿಂಭಾಗದಲ್ಲಿ ಒಂದು ಎರಕದ ಕಾರ್ಖಾನೆಯಲ್ಲಿ ನಾನು ಕೆಲಸದಲ್ಲಿದ್ದೆ. ಬೇಸಾಯದ ಸಾಮಾನುಗಳಿಗೆ ನಕ್ಷೆ ಬರೆಯುವುದು, ನಕ್ಷೆಯಂತೆ ಮರದಲ್ಲಿ ಅಚ್ಚು ಕೆತ್ತಿಸುವುದು, ಮರಳಿನಲ್ಲಿ ಆ ಅಚ್ಚು ಒತ್ತಿ ಎರಕ ಹೊಯ್ಯುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಪಾಲು. ನಾಲೆ ಬಂದ ಮೇಲೆ ನಮ್ಮ ಕಡೆ ಎಲ್ಲಿ ನೋಡಿದರೂ ಕಬ್ಬು, ಕಬ್ಬು ಇದ್ದಲ್ಲೆಲ್ಲ ಬೆಲ್ಲ ಕಾಯಿಸುವ ಆಲೆಮನೆ. ಕಬ್ಬಿಣ ಮಾತ್ರ ಸರ್ಕಾರದ ಪರವಾನಗಿ ಇಲ್ಲದೆ ಒಂದು ಮೊಳೆಯೂ ಸಿಗುತ್ತಿರಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ದೊಡ್ಡಿ ಎಂಬ ಊರಿನ ಹತ್ತಿರದ ಒಂದು ಹಳ್ಳಿಯವರು ಕಬ್ಬು ಬೆಳೆಗಾರರ ಸಂಘವೊಂದನ್ನು ಕಟ್ಟಿಕೊಂಡಿದ್ದರು. ಅದರ ಅಧ್ಯಕ್ಷರು ಒಂದು ದಿನ ಕಾರ್ಖಾನೆಗೆ ಬಂದರು. ಜರಿಪೇಟ, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ಅವರ ಆಲೆಮನೆಯ ಹಳೆಯ ಗಾಣದಲ್ಲಿ ಹಿಂದಿನ ಸುಗ್ಗಿಯಲ್ಲಿ ಕಬ್ಬು ಕೊಡುತ್ತಿದ್ದವನ ಬಲಗೈ ಸಿಕ್ಕಿ, ಹೆಬ್ಬೆರಳೊಂದು ಬಿಟ್ಟು ಮಿಕ್ಕ ಬೆರಳೆಲ್ಲ ಹೋಗಿತ್ತು. ಜಿಲ್ಲಾ ಕಚೇರಿಯಿಂದ ವಿಚಾರಣೆ ಬಂದು ಇವರಿಗೆ ಮುಖಭಂಗವಾಗಿತ್ತು. ಕೈ ಸಿಕ್ಕದಂಥ ಗಾಣ ಬೇಕು ಎಂದರು. ಒಳ್ಳೆಯ ಮಾತು ಎಂದುಕೊಂಡು, ಮೊದಲು ನಿಮ್ಮ ಆಲೆಮನೆಯಲ್ಲಿ ನಾಲ್ಕು ದಿನ ಕೂತು ನೋಡುತ್ತೇನೆ ಎಂದೆ.

"ಅಲ್ಲಿ ಕೂತು ಏನ್ ನೋಡ್ತೀರಿ? ಬಿಸಿ ಬೆಲ್ಲ ನೆಕ್ಕೋಕಾ?" ಎಂದು ಅಧ್ಯಕ್ಷರು ನಕ್ಕರು. "ನೋಡ್ರೀ, ಗೆರೆ ಎಳೆಯೋದು ನಿಮ್ಮ ಕೆಲಸ. ಯಾವ ಗೆರೆ ಎಳೀಬೇಕು ಅಂತ ಹೇಳೋಕೆ ನಾವಿದ್ದೀವಿ."

ನನ್ನ ಸಿಟ್ಟು ಶುರುವಾದದ್ದು ಆ ಮಾತಿನಿಂದ. ಇಂದಿಗೂ ಅದು ಪೂರ್ತಿ ಆರಿಲ್ಲ.

ಅವರು ಬೇಡವೆಂದರೂ ನಾನು ಹೋದೆ. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಆಗ. ಏರು ಬಂದರೆ ಎಲ್ಲರೂ ಇಳಿದು ತಳ್ಳಬೇಕಿತ್ತು. ಆಲೆಮನೆಯಲ್ಲಿ ಗಾಣದ ಮುಂದೆ ಕೂತಿದ್ದವಳು ಒಬ್ಬ ಹೆಂಗಸು. ಬೆರಳು ಕಳೆದುಕೊಂಡವನ ಹೆಂಡತಿ. ಗಂಡ ಎದ್ದ ಜಾಗದಲ್ಲಿ ಅವಳು ಕೂತಿದ್ದಳು, ಮನೆಯಲ್ಲಿ ಒಲೆ ಉರಿಯಬೇಡವೇ? ಗಂಡ ಚಪ್ಪರದ ಕಂಬಕ್ಕೆ ಒರಗಿ, ಬೋಳು ಕೈಯನ್ನು ಟವೆಲಿನಲ್ಲಿ ಮುಚ್ಚಿಕೊಂಡು ಎತ್ತುಗಳನ್ನು ನೋಡುತ್ತಿದ್ದ. ಅವನು ಹೆಚ್ಚು ಮಾತಿನವನಲ್ಲ. ಅವಳು ಅವನ ಪಾಲಿನದನ್ನೂ ಸೇರಿಸಿ ಮಾತಾಡುವವಳು.

"ನೀವೇನಣ್ಣ ಬರಕೊಳ್ಳೋದು? ಕೂತ್ಕಂಡು ನನ್ ಮಕ ಬರೀತಿದ್ದೀರಾ?"

ಹೊಸ ಗಾಣಕ್ಕೆ ನಕ್ಷೆ ಎಂದೆ.

"ಆ ನಕ್ಸೆ ನನ್ ಕೈ ಉಳುಸ್ತದಾ? ಅಷ್ಟ್ ಯೋಳಿ ಸಾಕು. ಮಿಕ್ಕಿದ್ದು ನಂಗೆ ತಿಳಿಯಾಕಿಲ್ಲ."

ಉಳಿಸುತ್ತದೆ ಎಂದೆ. ಯೋಚನೆ ಮಾಡಿಯೇ ಹೇಳಿದ ಮಾತು ಅದು. ಅವಳ ಕೈ ಎಲ್ಲಿಯವರೆಗೆ ಚಾಚುತ್ತದೆ, ಸೊಟ್ಟ ಕಬ್ಬು ಬಂದಾಗ ಎಷ್ಟು ಮುಂದಕ್ಕೆ ಬಾಗುತ್ತಾಳೆ, ಮೇಲೆ ಮರ ಸುತ್ತಿ ಬಂದಾಗ ತಲೆ ಹೇಗೆ ತಗ್ಗಿಸುತ್ತಾಳೆ, ಎಲ್ಲವನ್ನೂ ದಾರ ಹಿಡಿದು ಅಳೆದುಕೊಂಡೆ. ಅವಳು ಅಳೆಸಿಕೊಂಡಳು, ಜೊತೆಗೆ ಬೈದಳು. "ನಮ್ ದರ್ಜಿನೂ ಇಷ್ಟ್ ಅಳ್ದಿರ್ನಿಲ್ಲ ಕಣಣ್ಣ" ಎಂದಳು.

ನಕ್ಷೆ ತಯಾರಾಯಿತು. ಬಲಬಾಯಿಗೆ ಒಂದು ಎರಕದ ದೋಣಿ ಕೂರಿಸಿದೆ, ಎರಡು ತುದಿಯೂ ತೆರೆದದ್ದು, ಮೇಲೆ ಮುಚ್ಚಿದ್ದು. ಕಬ್ಬನ್ನು ದೋಣಿಯ ಹೊರತುದಿಯಲ್ಲಿ ಇಟ್ಟು ನೂಕಿದರೆ ಅದು ತಾನೇ ಉರುಳೆಗೆ ಹೋಗುತ್ತದೆ. ಎಷ್ಟು ಬಾಗಿದರೂ ಬೆರಳು ಉರುಳೆಯನ್ನು ಮುಟ್ಟುವುದಿಲ್ಲ. ಎಡಬಾಯಿಗೆ ಏನೂ ಹಾಕಲಿಲ್ಲ. ಹಾಕಿದರೆ ಸಿಪ್ಪೆ ಕಟ್ಟಿಕೊಳ್ಳುತ್ತದೆ, ಬಿಡಿಸಲು ಕೈ ಹಾಕುತ್ತಾರೆ, ಮತ್ತೆ ಅದೇ ಗೋಳು. ಉಗುಳುವ ಬಾಯಿ ಹೇಗೂ ಕಚ್ಚುವುದಿಲ್ಲ. ಅದು ಎಂದೂ ಕಚ್ಚದ ಹಾಗೆ ನೋಡಿಕೊಳ್ಳಲು ನಡುವಿನ ಉರುಳೆಯ ತಲೆಯಲ್ಲಿ ಒಂದು ಹಲ್ಲಿನ ಚಕ್ರ, ಅದರ ಮೇಲೆ ಬೀಳುವ ಒಂದು ಕಬ್ಬಿಣದ ನಾಲಗೆ. ಎತ್ತು ಎಡಸುತ್ತು ನಡೆದರೆ ನಾಲಗೆ ಹಲ್ಲಿನಿಂದ ಹಲ್ಲಿಗೆ ಕಟಕಟ ಜಾರುತ್ತದೆ. ಯಾರಾದರೂ ಬಲಸುತ್ತು ಹೊಡೆದರೆ ನಾಲಗೆ ಹಲ್ಲಿಗೆ ಸಿಕ್ಕಿ ಗಾಣ ನಿಂತುಬಿಡುತ್ತದೆ. ಏನಾದರೂ ಸಿಕ್ಕಿಕೊಂಡು ಹಿಂದಕ್ಕೆ ತಿರುಗಿಸಲೇಬೇಕಾಗಿ ಬಂದರೆ ನಾಲಗೆಯನ್ನು ಎತ್ತಿ ಹಿಡಿಯಲು ಒಂದು ಸಣ್ಣ ಹಿಡಿ. ಬಲಬಾಯಿಗೆ ದೋಣಿ ಕಾವಲು, ಎಡಬಾಯಿಗೆ ನಾಲಗೆ ಕಾವಲು.

ಇದನ್ನು ಸಂಘದ ಸಭೆಯಲ್ಲಿ ಬಿಡಿಸಿ ಹೇಳಿದೆ. ಅಧ್ಯಕ್ಷರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಹೆಸರು ಎಲ್ಲಿ ಬರುತ್ತೆ?"

ದೋಣಿಯ ಹೊರಮೈ ಮೇಲೆ ಅವರ ಹೆಸರು ಉಬ್ಬಕ್ಷರದಲ್ಲಿ ಬರಬೇಕಂತೆ. ಅವರ ಹೆಸರೋ, ತಂದೆಯ ಹೆಸರು, ಊರ ಹೆಸರು, ಒತ್ತಕ್ಷರ, ಕೊಂಬು ಎಲ್ಲ ಸೇರಿ ಒಂದು ಮದುವೆ ದಿಬ್ಬಣದಷ್ಟು ಉದ್ದ. ತೆಳು ಎರಕದ ಮೇಲೆ ಅಷ್ಟು ಅಕ್ಷರ ಬೇಡ, ದಪ್ಪ ಇರುವ ಕಡೆ ನಿಧಾನವಾಗಿ ಆರುತ್ತದೆ, ತೆಳು ಇರುವ ಕಡೆ ಬೇಗ ಆರುತ್ತದೆ, ದೋಣಿ ಸೀಳುತ್ತದೆ ಎಂದೆ. ಬೇಕಾದರೆ ಗಾಣದ ದಪ್ಪ ಪೀಠದ ಮೇಲೆ ಬರೆಯೋಣ ಎಂದೆ. ಪೀಠ ನೆಲಕ್ಕೆ ಹತ್ತಿರ, ಅಲ್ಲಿ ಯಾರು ನೋಡುತ್ತಾರೆ ಎಂದರು. ಹೊಯ್ದೆವು. ನಾನು ಹೇಳಿದ ಹಾಗೆಯೇ ದೋಣಿ ಸೀಳಿತು, ಅವರ ತಂದೆಯ ಹೆಸರಿನ ಒತ್ತಕ್ಷರದಿಂದ ಶುರುವಾಗಿ ತುದಿಯವರೆಗೆ. ಪರವಾನಗಿಯಲ್ಲಿ ಬಂದ ಕಬ್ಬಿಣವನ್ನು ಮತ್ತೆ ಕರಗಿಸಿ, ದೋಣಿಯನ್ನು ದಪ್ಪ ಮಾಡಿ, ಮತ್ತೆ ಹೊಯ್ದೆವು. ಸುಗ್ಗಿ ಬಾಗಿಲಿಗೆ ಬಂದಿತ್ತು. ಕುಲುಮೆಯವರು ನನ್ನನ್ನು ಬೈದರು, ನಾನು ಯಾರನ್ನು ಬೈಯಲಿ?

ಇಲ್ಲಿ ಇನ್ನೊಬ್ಬರ ಮಾತು ಹೇಳದಿದ್ದರೆ ಕೆಲಸ ಮಾಡಿಸುವವರೆಲ್ಲ ಹೀಗೇ ಎಂದಂತಾಗುತ್ತದೆ. ಅದು ಸುಳ್ಳು. ಅದೇ ತಿಂಗಳು ಮಳವಳ್ಳಿಯ ಒಬ್ಬ ಸಾಬರು, ಬೆಲ್ಲದ ವ್ಯಾಪಾರಿ, ಗಾಡಿಗೆ ತಡೆ ಮಾಡಿಕೊಡಿ ಎಂದು ಬಂದಿದ್ದರು. ಹಲಗೂರಿನ ಕಡೆಯ ಇಳಿಜಾರಿನಲ್ಲಿ ತುಂಬಿದ ಗಾಡಿ ಎತ್ತಿನ ಹಿಂಗಾಲಿಗೆ ಬಂದು ಬಡಿಯುತ್ತಿತ್ತು. ಅವರು ಹೇಳಿದ್ದು ಇಷ್ಟು: "ಏನ್ ತೊಂದ್ರೆ ಅಂತ ನಾನ್ ಹೇಳ್ತೀನಿ. ಏನ್ ಮಾಡ್ಬೇಕು ಅಂತ ನೀವ್ ಹೇಳಿ. ನಡುವೆ ನಾನು ಬಾಯಿ ಹಾಕಿದ್ರೆ ನನ್ಗೆ ಬಯ್ಯಿರಿ." ಆಮೇಲೆ ಬೆಲ್ಲದ ಮೂಟೆಗಳ ಮೇಲೆ ನನ್ನನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತು, ಆ ಇಳಿಜಾರನ್ನು ಇಳಿಸಿದರು. ನನ್ನ ಮೊದಲನೆಯ ತಡೆ ಕೆಲಸಕ್ಕೆ ಬರಲಿಲ್ಲ, ಮಳೆಯಲ್ಲಿ ಮರದ ತುಂಡು ಜಾರಿತು. ಅವರು ಕೂಗಾಡಲಿಲ್ಲ. ಗಾಡಿ ಹೊಡೆಯುವವನನ್ನು ಕರೆದು, "ಎಲ್ಲಿ ಜಾರ್ತು, ಇವ್ರಿಗೆ ಸರಿಯಾಗಿ ತೋರ್ಸು" ಎಂದರು. ಎರಡನೆಯದು ನಿಂತಿತು. ಅಂಥವರ ಕೆಲಸ ಮಾಡುವಾಗ ಊಟ ರುಚಿಸುತ್ತದೆ.

ದೊಡ್ಡಿಯ ಕಡೆ ಗಾಣ ಹೋಯಿತು. ನಾನೇ ನಿಂತು ಹೂಡಿಸಿದೆ. ಉರುಳೆಗಳ ಸಂದು ಹೊಂದಿಸಿದೆ, ಬಲಗಡೆ ಸ್ವಲ್ಪ ಅಗಲ, ಎಡಗಡೆ ಬಿಗಿ, ಹಿಂಡಿದ್ದನ್ನು ಮತ್ತೆ ಹಿಂಡಬೇಕಲ್ಲ. ಅವಳು ಕೂತು ಕಬ್ಬು ಕೊಟ್ಟಳು. ಮೊದಲು ದೋಣಿಯನ್ನು ಬೈದಳು, "ಇದ್ಯಾವ್ದೋ ಅಜ್ಜಿ ಮೂತಿ ಇದ್ದಂಗದೆ" ಎಂದಳು. ಸಂಜೆಯ ಹೊತ್ತಿಗೆ ಬೈಯುವುದನ್ನು ಬಿಟ್ಟು ಪಕ್ಕದವರ ಜೊತೆ ಹರಟುತ್ತ, ಉರುಳೆಯ ಕಡೆ ನೋಡದೆಯೇ ಕಬ್ಬು ನೂಕುತ್ತಿದ್ದಳು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಅಧ್ಯಕ್ಷರ ಹೆಸರಿನ ಒತ್ತಕ್ಷರಗಳನ್ನೂ ಕ್ಷಮಿಸಿಬಿಟ್ಟೆ. ಕಂಬಕ್ಕೆ ಒರಗಿದ್ದ ಗಂಡ ಎದ್ದು ಬಂದು ದೋಣಿಯನ್ನು ಎಡಗೈಯಲ್ಲಿ ಒಮ್ಮೆ ಸವರಿ ಹೋದ.

ಆಗ ಬಂದದ್ದು ಉದ್ಘಾಟನೆಯ ವಿಚಾರ. ಬೆಂಗಳೂರಿನಿಂದ ದೊಡ್ಡ ಸಾಹೇಬರೊಬ್ಬರು ಬರುತ್ತಾರೆ, ಗಾಣಕ್ಕೆ ಪೂಜೆ, ಚಪ್ಪರಕ್ಕೆ ತೋರಣ. ತಯಾರಿ ನೋಡಲು ಬಂದ ಅಧ್ಯಕ್ಷರ ಕಿವಿಗೆ ನಾಲಗೆಯ ಸದ್ದು ಬಿತ್ತು.

"ಇದೇನ್ರೀ ಲೊಚ ಲೊಚ ಅಂತದೆ? ಹಲ್ಲಿ ನುಡಿದಂಗೆ! ಶುಭಕಾರ್ಯದಲ್ಲಿ ಎರಡು ಹೆಜ್ಜೆಗೊಂದು ಸಲ ಹಲ್ಲಿ ಲೊಚಗುಟ್ಟಿದ್ರೆ ಹೆಂಗ್ರೀ?"

ಅದು ಹಲ್ಲಿಯಲ್ಲ, ಕೈ ಕಾಯುವ ನಾಲಗೆ ಎಂದು ಮತ್ತೆ ಮೊದಲಿನಿಂದ ಹೇಳಿದೆ. ಅಧ್ಯಕ್ಷರು ಕೋಲು ತಿರುಗಿಸುತ್ತ ಕೇಳಿದರು. ಸರಿ ಬಿಡಿ ಎಂದರು. ಸರಿ ಬಿಡಿ ಎಂದರೆ ಒಪ್ಪಿಗೆ ಎಂದುಕೊಂಡು ನಾನು ಮಂಡ್ಯಕ್ಕೆ ಹೊರಟೆ, ಉರುಳೆಯ ಬುಡದ ಹಿತ್ತಾಳೆ ಬಳೆಯೊಂದು ಬಿಗಿಯಾಗಿ ಬಿಸಿಯೇರುತ್ತಿತ್ತು, ಅದರ ಬದಲಿಗೆ ಇನ್ನೊಂದನ್ನು ಕಡೆಸಿ ತರಬೇಕಿತ್ತು.

ನಾನು ಬೆನ್ನು ತಿರುಗಿಸಿದ್ದೇ ಊರ ಕಮ್ಮಾರನನ್ನು ಕರೆಸಿ ನಾಲಗೆಯನ್ನು ಬಿಚ್ಚಿಸಿದರು. ಅದಾದ ಮೇಲೆ ಮೈಸೂರಿನಿಂದ ಅವರ ಬೀಗರು ಬಂದರು. ಬೀಗರು ಗಾಣವನ್ನು ನೋಡಿ, ಪೂಜೆ ಮಾಡಿದ ಗಾಣಕ್ಕೆ ಎತ್ತು ಅಪ್ರದಕ್ಷಿಣೆ ಹಾಕುತ್ತದಲ್ಲ, ಸಾಹೇಬರ ಮುಂದೆ ಅದು ಚೆನ್ನಾಗಿರುತ್ತದೆಯೇ ಎಂದರಂತೆ. ಕಬ್ಬು ಹಿಂಡಲು ಶುರುವಾದಾಗಿನಿಂದ ನಮ್ಮ ಸೀಮೆಯ ಎತ್ತುಗಳೆಲ್ಲ ಹಾಗೇ ಸುತ್ತಿವೆ. ಯಾವ ದೇವರೂ ಬೇಸರ ಮಾಡಿಕೊಂಡಿಲ್ಲ, ಬೆಲ್ಲವೂ ಕಹಿಯಾಗಿಲ್ಲ. ಆದರೆ ಬೀಗರ ಮಾತು! ಅಧ್ಯಕ್ಷರು ಅಲ್ಲೇ ನಿಂತು, "ಎತ್ತು ತಿರುಗಿಸ್ರೋ, ಬಲಸುತ್ತು ಹೂಡಿ, ಒಂದ್ಸಲ ಓಡ್ಸಿ ನೋಡನ" ಎಂದು ಹೇಳಿದರು. ನಾಲಗೆ ಇದ್ದಿದ್ದರೆ ಗಾಣ ಅಲ್ಲೇ ನಿಲ್ಲುತ್ತಿತ್ತು. ನನಗೆ ಹೇಳಿ ಕಳಿಸುತ್ತಿದ್ದರು, ನಾನು ಬಂದು ಜಗಳವಾಡುತ್ತಿದ್ದೆ, ಅಷ್ಟಕ್ಕೇ ಮುಗಿಯುತ್ತಿತ್ತು.

ಹಿತ್ತಾಳೆ ಬಳೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಿಂದ ಇಳಿದು ಗದ್ದೆಯ ಬದುವಿನ ಮೇಲೆ ಬರುತ್ತಿದ್ದೆ. ದೂರದಿಂದಲೇ ಚಪ್ಪರ ಕಾಣಿಸಿತು, ಎತ್ತು ಸುತ್ತುವುದು ಕಾಣಿಸಿತು. ಏನೋ ಸರಿಯಿಲ್ಲ ಎನಿಸಿತು. ಕನ್ನಡಿಯಲ್ಲಿ ನೋಡಿದ ಹಾಗಿತ್ತು. ಎರಡು ಹೆಜ್ಜೆ ಹಾಕಿದ ಮೇಲೆ ಅರ್ಥವಾಯಿತು. "ನಿಲ್ಸಿ! ಎತ್ತು ನಿಲ್ಸಿ!" ಎಂದು ಕಿರುಚುತ್ತ ಓಡಿದೆ. ನಾನು ಚಪ್ಪರ ಮುಟ್ಟುವ ಮೊದಲೇ ಅವಳ ಕೂಗು ಬಂತು.

ಅವಳು ಏನೂ ತಪ್ಪು ಮಾಡಿರಲಿಲ್ಲ. ಕಬ್ಬನ್ನು ಈಗ ಎಡಗಡೆ ಕೊಡಬೇಕು ಎಂದು ಹೇಳಿದ್ದರು, ಹಾಗೇ ಕೊಟ್ಟಿದ್ದಳು. ಆದರೆ ಎಡಗಡೆಯ ಸಂದು ಬಿಗಿ, ಇಡೀ ಕಬ್ಬು ಹೋಗಲಿಲ್ಲ, ಸಿಗಿದು ಸಿಪ್ಪೆ ಬಾಯಲ್ಲೇ ಉಳಿಯಿತು. ಸಿಪ್ಪೆ ಕಂಡ ಕೂಡಲೇ ಎಡಗೈ ತಾನಾಗಿ ಹೋಗಿ ಅದನ್ನು ಹಿಡಿಯಿತು, ಸುಗ್ಗಿಯಿಡೀ ಹಿಡಿದ ಹಾಗೆ, ಹೊರಕ್ಕೆ ಎಳೆಯಲು. ಗಾಣ ಒಳಕ್ಕೆ ಎಳೆಯಿತು.

ಎತ್ತು ನಿಂತಿತ್ತು, ಕೈ ಒಳಗೇ ಇತ್ತು. ಹೂಡಿದ ಎತ್ತು ಹಿಂದಕ್ಕೆ ನಡೆಯುವುದಿಲ್ಲ. ನೊಗದಿಂದ ಬಿಚ್ಚಿ, ನಾನು, ಎತ್ತು ಹೊಡೆಯುವವನು, ಅವಳ ಗಂಡ, ಮೂವರೂ ಮರಕ್ಕೆ ಹೆಗಲು ಕೊಟ್ಟು ಹಿಂದಕ್ಕೆ ನೂಕಿದೆವು. ಗಂಡ ಬೋಳು ಕೈಯನ್ನೇ ಮರಕ್ಕೆ ಒತ್ತಿ ನೂಕುತ್ತಿದ್ದ. ಕೈ ಹೊರಬಂತು. ಅದು ಹೇಗಿತ್ತು ಎಂದು ಬರೆಯುವುದಿಲ್ಲ. ಗಾಡಿಯಲ್ಲಿ ಹುಲ್ಲು ಹಾಸಿ ಮಂಡ್ಯದ ಆಸ್ಪತ್ರೆಗೆ ಕಳಿಸಿದೆವು. ಎಡಗೈಯ ಮೂರು ಬೆರಳು ಹೋದವು.

ಗಾಡಿ ಹೋದ ಮೇಲೆ ಅಧ್ಯಕ್ಷರು ಮುಖ ಒರೆಸಿಕೊಂಡು ಹೇಳಿದರು: "ಅವಳಿಗೆ ಜ್ಞಾನ ಬೇಡ್ವೇನ್ರೀ? ಇವತ್ತು ಸುತ್ತು ಬೇರೆ, ಹುಷಾರಮ್ಮ ಅಂತ ನಾನೇ ಬಾಯ್ಬಿಟ್ಟು ಹೇಳಿದ್ದೆ."

ನಾನು ಅಲ್ಲಿಯವರೆಗೆ ದೊಡ್ಡವರ ಎದುರು ದನಿ ಎತ್ತಿದವನಲ್ಲ. ಅಂದು ಎತ್ತಿದೆ. "ಅವಳ ಕಿವಿಗೆ ಹೇಳಿದ್ರಿ. ಅವಳ ಕೈಗೆ ಹೇಳಿದ್ರಾ?" ಎಂದೆ. "ನಾಲಗೆ ಯಾರು ಬಿಚ್ಚಿದ್ದು?" ಎಂದೆ. ಇನ್ನೂ ಏನೇನೋ ಅಂದೆ. ಬೀಗರು ಚಪ್ಪರದಿಂದ ಎದ್ದು ಮನೆಯ ಕಡೆ ನಡೆದರು. ಅಧ್ಯಕ್ಷರು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಣ ತೊಳೆಸಿ, ನಾಳೆ ಸಾಹೇಬರು ಬರುವ ಹೊತ್ತಿಗೆ ಕಬ್ಬು ಕೊಡಲು ಬೇರೆ ಯಾರನ್ನಾದರೂ ಕೂರಿಸಿ ಎಂದು ಆಳುಗಳಿಗೆ ಹೇಳುತ್ತಿದ್ದರು. ಬಲಸುತ್ತೇ ಇರಲಿ ಎಂದೂ ಹೇಳಿದರು. ಅವಳ ರಕ್ತ ಇನ್ನೂ ಉರುಳೆಯ ಮೇಲಿತ್ತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಲೆಮನೆಗೆ ಹೋದೆ. ನಡುವಿನ ಉರುಳೆಗೂ ಎತ್ತಿನ ಮರಕ್ಕೂ ಗಂಟು ಹಾಕುವುದು ಒಂದು ಕಬ್ಬಿಣದ ಕೀಲು. ಅದನ್ನು ಸುತ್ತಿಗೆಯಿಂದ ಹೊಡೆದು ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡೆ. ಗಾಣದ ಮುಂದೆ, ಅವಳು ಕೂರುತ್ತಿದ್ದ ಹಲಗೆಯ ಮೇಲೆ ಕೂತೆ. ಕೆಲಸ ಹೋದರೆ ಹೋಗಲಿ ಎಂದು ತೀರ್ಮಾನ ಮಾಡಿಯಾಗಿತ್ತು.

ಅಧ್ಯಕ್ಷರು ಬಂದರು. ಮರ ಅಲ್ಲಾಡುವುದನ್ನು ನೋಡಿದರು. ಕೀಲು ಎಲ್ಲಿ ಎಂದರು. ನನ್ನ ಹತ್ತಿರ ಎಂದೆ.

"ಕೊಡ್ರೀ ಇತ್ತಗೆ. ತಮಾಸೆ ಮಾಡೋ ಹೊತ್ತಾ ಇದು?"

"ಕೊಡ್ತೀನಿ ಯಜಮಾನರೇ. ಎತ್ತು ಬಲಸುತ್ತೇ ನಡೀಲಿ. ನೀವು ಈ ಹಲಗೆ ಮೇಲೆ ಕೂತು, ನಿಮ್ಮ ಕೈಯಿಂದ ನಾಲ್ಕು ಕಬ್ಬು ಕೊಡಿ. ಆಮೇಲೆ ಯಾರನ್ನ ಬೇಕಾದ್ರೂ ಕೂರ್ಸಿ."

"ನಾನು ಕೂರೋದಾ? ಆಳು ಕೂರೋ ಜಾಗ್ದಲ್ಲಿ?"

"ಆಳಿಗಿರೋದೂ ಅವೇ ಬೆರಳು."

ಅವರು ಕೂರಲಿಲ್ಲ. ನಾನು ಕೊಡಲಿಲ್ಲ. ಕಾರ್ಖಾನೆಯ ಮಾಲೀಕರಿಗೆ ಹೇಳಿ ಕೆಲಸ ತೆಗೆಸುತ್ತೇನೆ ಎಂದರು, ತೆಗೆಸಿ ಎಂದೆ. ಪೊಲೀಸರನ್ನು ಕರೆಸುತ್ತೇನೆ ಎಂದರು, ಕರೆಸಿ, ಅವರಿಗೂ ಉರುಳೆ ತೋರಿಸುತ್ತೇನೆ ಎಂದೆ. ಅಷ್ಟರಲ್ಲಿ ರಸ್ತೆಯಲ್ಲಿ ಧೂಳೆದ್ದಿತು, ಸಾಹೇಬರ ಮೋಟಾರು ಬಂದೇಬಿಟ್ಟಿತು.

ಸಾಹೇಬರು ಟೋಪಿ ತೆಗೆಯದೆ ಚಪ್ಪರದೊಳಕ್ಕೆ ಬಂದರು. ಗಾಣ ನಿಂತಿದೆ, ಎತ್ತು ನಿಂತಿವೆ, ಒಬ್ಬ ಮನುಷ್ಯ ಹಲಗೆಯ ಮೇಲೆ ಕೂತಿದ್ದಾನೆ. ಏನು ಎಂದು ಕೇಳಿದರು. ಅಧ್ಯಕ್ಷರು ಬಾಯಿ ತೆರೆಯುವ ಮೊದಲು ನಾನು ಹೇಳಿದೆ. ನಿನ್ನೆ ಒಬ್ಬಳ ಬೆರಳು ಹೋಗಿದೆ, ಎತ್ತನ್ನು ಉಲ್ಟಾ ತಿರುಗಿಸಿದ್ದರಿಂದ ಹೋಗಿದೆ, ಇವತ್ತೂ ಉಲ್ಟಾ ತಿರುಗಿಸಬೇಕಂತೆ. ಸಾಹೇಬರು ಕೈಗಡಿಯಾರ ನೋಡಿಕೊಂಡರು.

"ಹಾಗಾದರೆ ಮೊದಲಿನ ಹಾಗೇ ತಿರುಗಿಸಿ. ಅಷ್ಟೇ ತಾನೆ?"

"ಅಷ್ಟೇ ಸಾರ್" ಎಂದರು ಅಧ್ಯಕ್ಷರು.

ಅಷ್ಟೇ! ಎರಡು ತಿಂಗಳು ನಾನು ಬಾಯಿ ನೋಯುವಷ್ಟು ಹೇಳಿದ್ದನ್ನು ಒಂದು ಟೋಪಿ ಒಂದು ಮಾತಿನಲ್ಲಿ ಮಾಡಿಸಿತು. ಪ್ರದಕ್ಷಿಣೆ ಎಲ್ಲಿ ಹೋಯಿತೋ, ಬೀಗರ ಮಾತು ಎಲ್ಲಿ ಹೋಯಿತೋ. ನಾನು ಕೀಲು ಹೊಡೆದೆ. ನಾಲಗೆಯನ್ನೂ ಕಮ್ಮಾರನಿಂದ ತರಿಸಿ, ಎಲ್ಲರೂ ಕಾಯುತ್ತಿರುವಾಗಲೇ, ನಿಧಾನವಾಗಿ, ಒಂದೊಂದು ತಿರುಪನ್ನೂ ಬಿಗಿದು ಕೂರಿಸಿದೆ. ಎತ್ತು ನಡೆಯಿತು, ನಾಲಗೆ ಕಟಕಟ ಅಂದಿತು. ಸಾಹೇಬರು ಆ ಸದ್ದೇನು ಎಂದು ಕೇಳಿದರು.

"ಅದೇ ಸಾರ್ ನಮ್ಮ ಗಾಣದ ವಿಶೇಷ" ಎಂದರು ಅಧ್ಯಕ್ಷರು, ಎದೆ ಮುಂದೆ ಮಾಡಿ. "ಉಲ್ಟಾ ತಿರುಗದ ಹಾಗೆ ನಾವೇ ಯೋಚನೆ ಮಾಡಿ ಹಾಕ್ಸಿದ್ದು."

ನಾನು ಸುತ್ತಿಗೆ ಕೆಳಗಿಟ್ಟು ಹೊರಟುಬಿಟ್ಟೆ. ಇನ್ನೊಂದು ಗಳಿಗೆ ಅಲ್ಲಿದ್ದಿದ್ದರೆ ಆ ಸುತ್ತಿಗೆಯಿಂದ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ದಾರಿಯುದ್ದಕ್ಕೂ ಅವರ ಮಾತನ್ನು ನೆನೆದು ಒಬ್ಬನೇ ಬೈದುಕೊಂಡು ಬಂದೆ.

ಆಸ್ಪತ್ರೆಗೆ ಹೋಗಿದ್ದೆ. ಬ್ಯಾಂಡೇಜು ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಗಂಡ ಕೆಳಗೆ ಕೂತಿದ್ದ. ಮಾತನ್ನು ಅವಳೇ ಶುರುಮಾಡಿದಳು.

"ಅವ್ನ್‌ದು ಎಡಗೈ ಅದೆ, ನಂದು ಬಲಗೈ ಅದೆ. ಇಬ್ರೂ ಸೇರುದ್ರೆ ಒಂದಾಳು ಕಣಣ್ಣ. ಕೂಲಿನೂ ಒಂದಾಳ್‌ದೇ ಕೊಡ್ತಾರೆ ಬುಡಿ." ಹೇಳಿ ನಗಲು ಹೋದಳು, ಅಳು ಬಂತು.

ನನ್ನ ಕೆಲಸ ಹೋಗಲಿಲ್ಲ. ಸಾಹೇಬರ ಎದುರು ಗಾಣ ಚೆನ್ನಾಗಿ ಓಡಿದ್ದರಿಂದ ಕಾರ್ಖಾನೆಗೆ ಹೆಸರು ಬಂದಿತ್ತು, ಮಾಲೀಕರು ಸುಮ್ಮನಿದ್ದರು. ಮುಂದಿನ ಸುಗ್ಗಿಗೆ ಮೊದಲು ಅಧ್ಯಕ್ಷರೇ ಬಂದರು. ಅಕ್ಕಪಕ್ಕದ ಹಳ್ಳಿಗಳಿಗೂ ಅಂಥವೇ ಗಾಣ ಬೇಕಂತೆ. ಹೆಸರು ಪೀಠದ ಮೇಲಿದ್ದರೂ ಪರವಾಗಿಲ್ಲವಂತೆ. ನಾನು ಆಗಲೇ ಹೊಸ ನಕ್ಷೆ ಬರೆದಿಟ್ಟಿದ್ದೆ, ಆಲೆಮನೆಗೆ ಮತ್ತೆ ಹೋಗಿ, ಮತ್ತೆ ದಾರ ಹಿಡಿದು ಅಳೆದು. ನಾಲಗೆಯನ್ನು ಈ ಸಲ ಬಿಚ್ಚಲಾಗದ ಹಾಗೆ ಒಳಗೆ ಕೂರಿಸಿದ್ದೆ, ಎತ್ತುವ ಹಿಡಿ ಮಾತ್ರ ಹೊರಗೆ. ಅವರು ನಕ್ಷೆಯನ್ನು ಈ ಬಾರಿ ನೆಟ್ಟಗೆ ಹಿಡಿದು ನೋಡಿದರು. ಕೊನೆಗೆ ಕೂರುವ ಹಲಗೆಯ ಮೇಲೆ ಬೆರಳಿಟ್ಟರು.

"ಇದ್ಯಾಕ್ರೀ ಇಷ್ಟಗಲ? ಒಬ್ಬರು ಕೂರೋಕೆ ಇದರ ಅರ್ಧ ಸಾಕು. ಮರ ದಂಡ."

"ಗೆರೆ ಎಳೆಯೋದು ನನ್ನ ಕೆಲಸ" ಎಂದೆ. "ಅದ್ಯಾಕೆ ಅಂತ ನಿಮ್ಮ ಆಲೆಮನೇಲೇ ತೋರಿಸ್ತೀನಿ. ಈಗ್ಲೇ ಹೊರಡೋಣ. ಇಲ್ಲದಿದ್ರೆ ಈ ನಕ್ಷೆಯನ್ನ ಇಲ್ಲೇ ಹರೀತೀನಿ."

ಅವರು ನನ್ನ ಮುಖ ನೋಡಿದರು. ಹರಿಯುತ್ತಾನೆ ಎಂದು ಅನಿಸಿರಬೇಕು. ಬಂದರು.

ಆ ಊರಿನಲ್ಲಿ ಸುಗ್ಗಿಗೆ ಮೊದಲೇ ಕೊಯ್ಲಿಗೆ ಬರುವ ಮುಂಗಾರು ಕಬ್ಬಿನ ಆಲೆ ಆಗಲೇ ಶುರುವಾಗಿತ್ತು. ಗಾಣದ ಮುಂದೆ, ಒಬ್ಬರಿಗೆಂದು ನಾನು ಮಾಡಿಸಿದ್ದ ಹಲಗೆಯ ಮೇಲೆ, ಅವರಿಬ್ಬರೂ ಒತ್ತಿಕೊಂಡು ಕೂತಿದ್ದರು. ಬಲಕ್ಕೆ ಹೆಂಡತಿ, ಎಡಕ್ಕೆ ಗಂಡ. ಅವಳು ತನ್ನ ಬಲಗೈಯಲ್ಲಿ ಕಬ್ಬು ನೂಕುತ್ತಿದ್ದಳು. ಅವನು ತನ್ನ ಎಡಗೈಯಲ್ಲಿ ಸಿಪ್ಪೆ ಎಳೆಯುತ್ತಿದ್ದ. ಇಬ್ಬರ ಒಂದೊಂದು ತೊಡೆ ಹಲಗೆಯಿಂದ ಹೊರಗೆ ಜಾರಿ ನೆಲದ ಮೇಲಿತ್ತು. ಮರ ಸುತ್ತಿ ಬಂದಾಗ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸುತ್ತಿದ್ದರು. ಆಲೆ ಶುರುವಾದಾಗಿನಿಂದ ಅಧ್ಯಕ್ಷರು ಈ ಚಪ್ಪರಕ್ಕೆ ಎಷ್ಟು ಸಲ ಬಂದಿದ್ದರೋ, ಬೆಲ್ಲದ ಅಚ್ಚು ನೋಡಿ ಹೋಗಿದ್ದರು.

ಇವತ್ತು ನೋಡಿದರು. ಆಮೇಲೆ, ನಾನು ಕೇಳದೆಯೇ, ಕೋಲನ್ನು ಕಂಬಕ್ಕೆ ಒರಗಿಸಿ, ನಾಲ್ಕು ಕಬ್ಬು ಕೊಡುತ್ತೇನೆ ಎಂದರು.

ಅವಳು ತಲೆ ಎತ್ತಿದಳು. ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಗಂಡನ ಭುಜಕ್ಕೆ ಮೊಣಕೈಯಿಂದ ತಿವಿದಳು.

"ಸರ್ಕಳ್ಳೋ, ಬುದ್ಯೋರು ಕೂತ್ಕತಾರಂತೆ." ಆಮೇಲೆ ಅವರ ಕಡೆ ತಿರುಗಿ ಹೇಳಿದಳು: "ಓದ್ ವರ್ಸವೇ ಕೂತಿದ್ರೆ ಜಾಗ ಇತ್ತು ಬುದ್ಧಿ. ಆಗ ನಾ ಒಬ್ಳೇ ಕೂರ್ತಿದ್ದೆ."

ಅಧ್ಯಕ್ಷರು ಕೂರಲು ಬಗ್ಗಿದ್ದವರು ಹಾಗೆಯೇ ನಿಂತರು. ಹಲಗೆಯ ಮೇಲೆ ಜಾಗವಿರಲಿಲ್ಲ.

ಮಂ​ಡ್ಯಕ್ಕೆ ಬಂದು ನಕ್ಷೆಗೆ ರುಜು ಹಾಕಿದರು, ಒಂದು ಗೆರೆಯನ್ನೂ ಮುಟ್ಟಲಿಲ್ಲ. ಅಂದಿನಿಂದ ನಮ್ಮ ಕಾರ್ಖಾನೆಯಿಂದ ಹೋದ ಗಾಣಗಳಿಗೆಲ್ಲ ಇಬ್ಬರು ಕೂರುವಷ್ಟು ಅಗಲದ ಹಲಗೆ. ಹಲಗೆ ಯಾಕೆ ಇಷ್ಟಗಲ ಎಂದು ಕೊಳ್ಳುವವರು ಕೇಳುತ್ತಾರೆ. ಕೇಳಿದವರನ್ನೆಲ್ಲ ನಾನು ದೊಡ್ಡಿಯ ಬಸ್ಸು ಹತ್ತಿಸುತ್ತೇನೆ.